ಎಣ್ಣೆ ಹಿಡಿಯುವ ಡಬ್ಬಿ: ಬಾಯಿ ಮುಚ್ಚಿರಲಿ

ಟರ್ಬೊ ಎಂಜಿನ್ನಿನ ಕಾರುಗಳಿಗೆ 'ಆಯಿಲ್ ಕ್ಯಾಚ್ ಕ್ಯಾನ್' ಎಂಬುದನ್ನು ಜೋಡಿಸುವ ಉತ್ಸಾಹವು ತರುಣರಲ್ಲಿ ಕಾಣಬರುತ್ತಿದೆ. ಹೆಸರು ದೊಡ್ಡದಾದರೂ ವಸ್ತು ಸರಳವಾದುದು. ಎಂಜಿನ್ನಿನ ಒಳಗಿನಿಂದ ತೇಲಿಬರುವ ಎಣ್ಣೆಯ ಹನಿಗಳನ್ನು ಹಿಡಿದಿಡುವ ಲೋಹದ ಡಬ್ಬಿಯಷ್ಟೆ. ಇದು ಬೇಕೆ, ಬೇಡವೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಡಬ್ಬಿಯು ಉಪಯುಕ್ತವೇ ಸರಿ. ಆದರೆ ಅದರ ಬಾಯನ್ನು ಬಯಲಿಗೆ ತೆರೆದಿಡುವ ಪದ್ಧತಿಯು ಸಲ್ಲದೆಂಬುದು ನನ್ನ ಅಭಿಪ್ರಾಯ.

ಸಿಲಿಂಡರಿನಲ್ಲಿ ಇಂಧನವು ಉರಿದಾಗ ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ ಹತ್ತಾರು ಪಟ್ಟು ಏರುತ್ತದೆ. ಪಿಸ್ಟನ್ನಿಗೆ ತೊಡಿಸಿದ ಉಂಗುರಗಳು ಎಷ್ಟೇ ನಯವಾಗಿದ್ದರೂ ಸ್ವಲ್ಪ ಅನಿಲವು ಅವುಗಳ ಸಂದಿನಿಂದ ನುಸುಳಿ ಕೆಳಗಿನ ಕ್ರ್ಯಾಂಕ್‌ಕೇಸನ್ನು ಸೇರುತ್ತದೆ. ಅಲ್ಲಿ ಚಿಮ್ಮುತ್ತಿರುವ ಎಣ್ಣೆಯ ಸೂಕ್ಷ್ಮ ಹನಿಗಳು ಅದರೊಡನೆ ಬೆರೆಯುತ್ತವೆ. ಈ ಅನಿಲಕ್ಕೆ ದಾರಿಯಿಲ್ಲದಿದ್ದರೆ ಒತ್ತಡವು ಬೆಳೆದು ಸೀಲುಗಳಿಂದ ಎಣ್ಣೆ ಸೋರುವುದು.

ಆದುದರಿಂದ ತಯಾರಕರು ಅದನ್ನು ಎಂಜಿನ್ನು ಗಾಳಿ ಎಳೆದುಕೊಳ್ಳುವ ಮಾರ್ಗಕ್ಕೇ ಹಿಂದಿರುಗಿಸುತ್ತಾರೆ. ಎಂಜಿನ್ನು ನಿಧಾನವಾಗಿ ತಿರುಗುವಾಗ ಒಳಸೇರುವ ಕೊಳವೆಯಲ್ಲಿನ ಅರೆನಿರ್ವಾತವೇ ಅನಿಲವನ್ನು ಹೀರುತ್ತದೆ. ಟರ್ಬೊ ಗಾಳಿಯನ್ನು ಒತ್ತಿ ತುಂಬಲಾರಂಭಿಸಿದೊಡನೆ ಅಲ್ಲಿ ಒತ್ತಡ ಹೆಚ್ಚಿ ಏಕಮುಖ ಕವಾಟವು ಮುಚ್ಚುತ್ತದೆ. ಆಗ ಅನಿಲವು ಇನ್ನೊಂದು ಕೊಳವೆಯಿಂದ ಟರ್ಬೊವಿನ ಮುಂಭಾಗಕ್ಕೆ ಸಾಗುತ್ತದೆ. ಹೀಗೆ ಬಂದ ಎಣ್ಣೆಯು ಗಾಳಿಯನ್ನು ತಂಪುಗೊಳಿಸುವ ಇಂಟರ್‌ಕೂಲರಿನ ಒಳಗೋಡೆಗೆ ಅಂಟುತ್ತದೆ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮುಕಿಸುವ ಎಂಜಿನ್ನುಗಳಲ್ಲಿ ಒಳಕವಾಟಗಳನ್ನು ತೊಳೆಯಲು ಪೆಟ್ರೋಲೇ ಇರುವುದಿಲ್ಲವಾದ್ದರಿಂದ, ಅವುಗಳ ಬೆನ್ನಿನ ಮೇಲೆ ಮಸಿ ಕಟ್ಟುತ್ತದೆ.

ಡಬ್ಬಿಯ ಕೆಲಸ ಇಲ್ಲಿಯೇ. ಅನಿಲವು ಅದರೊಳಗೆ ಥಟ್ಟನೆ ತಿರುಗಬೇಕಾಗುತ್ತದೆ. ಭಾರವಾದ ಹನಿಗಳು ಜಡತ್ವದಿಂದ ನೇರವಾಗಿ ಸಾಗಿ ತಡೆಗೋಡೆಗೂ ಜಾಲರಿಗೂ ಅಂಟಿಕೊಳ್ಳುತ್ತವೆ. ಅನ್ನದ ತಪ್ಪಲೆಯ ಮುಚ್ಚಳದಲ್ಲಿ ಹನಿಗಟ್ಟುವಂತೆ ನೀರಾವಿಯೂ ಅಲ್ಲಿ ತಣಿದು ನೀರಾಗುತ್ತದೆ. ಒಳಗೆ ಜಾಲರಿಯೂ ತಡೆಯೂ ಇಲ್ಲದ, ಹೊಳಪಷ್ಟೇ ಇರುವ ಡಬ್ಬಿಯು ಕೇವಲ ಅಲಂಕಾರ. ಡಬ್ಬಿಯನ್ನು ಟರ್ಬೊವಿನ ಶಾಖದಿಂದ ದೂರವಿಡಬೇಕು. ಕೊಳವೆಗಳು ಎಣ್ಣೆಯನ್ನು ತಾಳುವಂಥವಾಗಿದ್ದು, ಕಿರಿದಾಗದೆ, ಮಡಿಚಿಕೊಳ್ಳದೆ ಇರಬೇಕು. ಟರ್ಬೊವಿಗೆ ಹೋದ ಎಣ್ಣೆಯು ಗುರುತ್ವದಿಂದಲೇ ಕೆಳಗಿಳಿಯತಕ್ಕದ್ದು. ಕ್ರ್ಯಾಂಕ್‌ಕೇಸಿನ ಒತ್ತಡವು ಹೆಚ್ಚಿದರೆ ಅದು ಇಳಿಯಲಾರದೆ ಟರ್ಬೊವಿನ ಸೀಲುಗಳನ್ನು ದಾಟಿ ಹೊಗೆಯಾಗುವುದು. ಡಬ್ಬಿಯನ್ನು ಆಗಾಗ ಬರಿದು ಮಾಡುವುದೂ ಅಗತ್ಯ. ಅದರಲ್ಲಿ ಕೂಡುವುದು ಎಣ್ಣೆ, ನೀರು, ಪೆಟ್ರೋಲುಗಳ ಮಿಶ್ರಣ. ಅದನ್ನು ಎಂಜಿನ್ನಿಗೆ ಮರಳಿ ಸುರಿಯಲಾಗದು, ಚರಂಡಿಗೆ ಚೆಲ್ಲಲೂ ಆಗದು. ಗ್ಯಾರೇಜಿನ ಹಳೆಯ ಎಣ್ಣೆಯೊಡನೆ ಅದನ್ನು ಒಪ್ಪಿಸಬೇಕು.

ಕೆಲವರು ಹಿಂದಿರುಗುವ ಕೊಳವೆಯನ್ನೇ ಕಿತ್ತು, ಡಬ್ಬಿಯ ಮೇಲೆ ಸಣ್ಣ ಶೋಧಕವನ್ನಿಟ್ಟು, ಅನಿಲವನ್ನು ಹೊರಗೆ ಬಿಡುತ್ತಾರೆ. ಎಂಜಿನ್ನಿನ ಒಳಗು ಇನ್ನೂ ಶುಚಿಯಾಗುವುದೆಂಬುದು ಅವರ ವಾದ. ಅದು ನಿಜವೇ ಇರಬಹುದು. ಆದರೆ ಆ ಶುಚಿತ್ವದ ಬೆಲೆಯನ್ನು ತೆರುವವರು ಯಾರು? ಶೋಧಕವು ಹನಿಗಳನ್ನು ತಡೆದೀತು, ಉರಿಯದ ಇಂಧನದ ಆವಿಯನ್ನು ತಡೆಯಲಾರದು. ಕಣ್ಣುರಿಸುವ ಮಬ್ಬಿನಿಂದ ಲಾಸ್ ಏಂಜಲೀಸ್ ನಗರವು ಬಳಲುತ್ತಿದ್ದಾಗ, ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿಯು 1950ರ ದಶಕದ ಆರಂಭದಲ್ಲಿ ಅದರ ಮೂಲವನ್ನು ತೋರಿಸಿದರು: ಇಂಥ ಆವಿಯೂ ನೈಟ್ರೋಜನ್ನಿನ ಆಕ್ಸೈಡುಗಳೂ ಬಿಸಿಲಿನಲ್ಲಿ ವರ್ತಿಸಿ ಓಜೋನನ್ನು ಹುಟ್ಟಿಸುತ್ತವೆ. ಅದರ ಪರಿಣಾಮವಾಗಿಯೇ ಕ್ಯಾಲಿಫೋರ್ನಿಯಾದ 1961ರ ಮಾದರಿಯ ಹೊಸ ಕಾರುಗಳಲ್ಲಿ ಕ್ರ್ಯಾಂಕ್‌ಕೇಸಿನ ಅನಿಲವನ್ನು ಎಂಜಿನ್ನಿಗೇ ಹಿಂದಿರುಗಿಸುವ ಏರ್ಪಾಡು ಬಂದಿತು. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಸ್ಟೇಜ್ 6 ನಿಯಮವೂ ಪೆಟ್ರೋಲ್ ಕಾರಿನ ಈ ಅನಿಲವನ್ನು ಬಯಲಿಗೆ ಬಿಡಗೊಡದು.

ದಿನವೂ ಸಾಧಾರಣ ವೇಗದಲ್ಲಿ ಓಡುವ ಕಾರಿಗೆ ತಯಾರಕರೇ ಇಟ್ಟಿರುವ ಎಣ್ಣೆ ಬೇರ್ಪಡಿಸುವ ಅಂಗವು ಸಾಮಾನ್ಯವಾಗಿ ಸಾಕು. ಎಂಜಿನ್ನನ್ನು ಬಹಳವಾಗಿ ದುಡಿಸುವವರು ಡಬ್ಬಿಯನ್ನು ಜೋಡಿಸಲಿ. ಆದರೆ ಅನಿಲವು ಎಂಜಿನ್ನಿಗೇ ಮರಳುವಂತೆ ಜೋಡಿಸಲಿ. ನಮ್ಮ ಮನೆಯ ಕಸವನ್ನು ಬೀದಿಗೆ ಗುಡಿಸಿ, ಮನೆ ಶುಚಿಯಾಯಿತೆಂದು ಹಿಗ್ಗುವುದು ವಿಜ್ಞಾನ ಓದಿದವರಿಗೆ ಒಪ್ಪುವ ಮಾತಲ್ಲ.