ಚಿರತೆ ಮರಿಯಲ್ಲ, ಅದು ಪುನುಗು ಬೆಕ್ಕು



ಕಳೆದ ಮಾಗಿಯ ಒಂದು ಬೆಳಿಗ್ಗೆ ನಮ್ಮ ಕುಟುಂಬದ ವಾಟ್ಸ್‌ಆಪ್ ಗುಂಪಿಗೆ ಒಂದು ಛಾಯಾಚಿತ್ರ ಬಂದಿತು. ತೆಂಗಿನ ತೋಟದ ಬದುವಿನ ಮೇಲೆ ಸತ್ತುಬಿದ್ದ ಒಂದು ಪ್ರಾಣಿ. ಅದರ ಬಾಲವನ್ನು ಹಿಡಿದೆತ್ತಿದ ಒಂದು ಕೈ. ಹಿಂದೆ ನಗುತ್ತ ನಿಂತ ಇಬ್ಬರು ಹುಡುಗರು. ಕೆಳಗೆ ಹೀಗೆ ಬರೆದಿತ್ತು: "ಚಿರತೆ ಮರಿ. ತೋಟಕ್ಕೆ ನುಗ್ಗಿತ್ತು. ಮುಗಿಸಿದೆವು." ಕಳುಹಿಸಿದವನು ನನ್ನ ತಮ್ಮನ ಮಗ. ಅರ್ಧ ಗಂಟೆಯೊಳಗೆ ಹದಿನೇಳು ಮಂದಿ ಹೆಬ್ಬೆರಳೆತ್ತಿ ಶಹಬ್ಬಾಸ್ ಎಂದಿದ್ದರು. ಅವರಲ್ಲಿ ಮೂವರು ನನ್ನ ಬಳಿಯೇ ಜೀವಶಾಸ್ತ್ರ ಓದಿದವರು.

ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಚೂಪು ಮೂತಿ, ಗಿಡ್ಡ ಕಾಲು, ಬೆನ್ನುದ್ದಕ್ಕೂ ಗೆರೆ, ಪಕ್ಕೆಗಳಲ್ಲಿ ಸಾಲು ಹಿಡಿದ ಚುಕ್ಕೆ, ಬಳೆ ತೊಡಿಸಿದಂತೆ ಉಂಗುರ ಉಂಗುರವಾದ ಬಾಲ. ಅದು ಪುನುಗು ಬೆಕ್ಕು. ಹೆಸರಿನಲ್ಲಿ ಬೆಕ್ಕು ಇದ್ದರೂ ಅದು ಚಿರತೆಯ ಕುಟುಂಬಕ್ಕೂ ಸೇರಿದ್ದಲ್ಲ, ಬೆಕ್ಕಿನ ಕುಟುಂಬಕ್ಕೂ ಸೇರಿದ್ದಲ್ಲ. ಎರಡು ಮೂರು ಕಿಲೋ ತೂಗುವ, ಇಲಿ, ಹುಳು, ಹಣ್ಣು ತಿಂದು ಬದುಕುವ ನಿಶಾಚರಿ. ತೋಟಕ್ಕೆ ಅದು ನುಗ್ಗಿರಲಿಲ್ಲ. ಅಲ್ಲೇ ಎಲ್ಲೋ ಪೊದೆಯಲ್ಲೋ ಬಿಲದಲ್ಲೋ ವಾಸವಾಗಿತ್ತು. ತೆಂಗಿನ ಬುಡ ಕೊರೆಯುವ ಇಲಿಗಳನ್ನು ಪುಕ್ಕಟೆಯಾಗಿ ಹಿಡಿದುಕೊಡುತ್ತಿದ್ದ ಆಳನ್ನೇ ನಮ್ಮವರು ದೊಣ್ಣೆಯಿಂದ ಬಡಿದು ಕೊಂದಿದ್ದರು.

ನಾನು ಅಷ್ಟನ್ನೇ ಗುಂಪಿನಲ್ಲಿ ಬರೆದೆ. ಹುಡುಗ ಫೋನು ಮಾಡಿದ. "ದೊಡ್ಡಪ್ಪ, ನೀವು ಮೇಷ್ಟ್ರು, ನಿಮಗೆ ಹೆಸರು ಗೊತ್ತು. ಕತ್ತಲಲ್ಲಿ ಚುಕ್ಕೆ ಕಂಡರೆ ನಾವು ಪುಸ್ತಕ ತೆಗೆದು ನೋಡೋಕೆ ಆಗುತ್ತಾ? ಮೊದಲು ಜೀವ, ಹೆಸರು ಆಮೇಲೆ" ಎಂದ. ಈ ಮಾತನ್ನು ಹೇಳುವವನು ಅವನೊಬ್ಬನೇ ಅಲ್ಲ. ವಿದ್ಯಾವಂತರೂ ಹೇಳುತ್ತಾರೆ, ಪತ್ರಿಕೆಗಳೂ ಬೇರೆ ಮಾತಿನಲ್ಲಿ ಅದನ್ನೇ ಹೇಳುತ್ತವೆ. ಈ ಮಾತು ತಪ್ಪು, ತಪ್ಪಷ್ಟೇ ಅಲ್ಲ, ಅಪಾಯಕಾರಿ ಎಂದು ತೋರಿಸುವುದಕ್ಕಾಗಿಯೇ ಈ ಲೇಖನ ಬರೆಯುತ್ತಿದ್ದೇನೆ.

ಮೊದಲಿಗೆ ಅವನ ಭಯಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸುತ್ತೇನೆ. 2019ರ ಕೊನೆಯಿಂದ 2020ರ ಆರಂಭದವರೆಗೆ ನಮ್ಮ ತುಮಕೂರು ಜಿಲ್ಲೆಯಲ್ಲಿಯೇ ಚಿರತೆಯ ಬಾಯಿಗೆ ಹಿರಿಯರೂ ಎಳೆಯ ಮಕ್ಕಳೂ ಬಲಿಯಾದರು. ಆ ತಿಂಗಳುಗಳಲ್ಲಿ ಹೊಲಕ್ಕೆ ಹೋದವರು ಮನೆಗೆ ಬರುವ ತನಕ ನಾವು ಹೇಗೆ ಬಾಗಿಲಲ್ಲಿ ನಿಂತಿರುತ್ತಿದ್ದೆವೆಂಬುದು ನನಗೆ ನೆನಪಿದೆ. ನಗರದಲ್ಲಿ ಕುಳಿತು "ಪ್ರಾಣಿಗಳಿಗೂ ಬದುಕುವ ಹಕ್ಕಿದೆ" ಎಂದು ಉಪದೇಶ ಮಾಡುವುದು ಸುಲಭ. ನಾನು ಅದನ್ನು ಮಾಡುತ್ತಿಲ್ಲ. ಚಿರತೆ ನಿಜವಾಗಿ ಬಂದಾಗ ನಮ್ಮ ಮಕ್ಕಳು ಉಳಿಯಬೇಕಾದರೆ, ಚಿರತೆಯಲ್ಲದ್ದನ್ನು ಚಿರತೆ ಎಂದು ಕೂಗುವುದನ್ನು ನಾವು ನಿಲ್ಲಿಸಬೇಕು. "ತೋಳ ಬಂತು ತೋಳ" ಎಂಬ ಪಾಠವನ್ನು ನೀವೆಲ್ಲ ಪ್ರಾಥಮಿಕ ಶಾಲೆಯಲ್ಲಿಯೇ ಓದಿದ್ದೀರಿ. ಕಥೆಯ ಹುಡುಗ ಬೇಕೆಂದು ಸುಳ್ಳು ಹೇಳಿದ. ನಾವು ತಿಳಿಯದೆ ಹೇಳುತ್ತಿದ್ದೇವೆ. ಪರಿಣಾಮ ಒಂದೇ.

ಕಳೆದ ವರ್ಷ ನಮ್ಮ ಊರಿನಲ್ಲಿಯೇ ನಡೆದದ್ದನ್ನು ಕೇಳಿ. ಕೆರೆ ಏರಿಯ ಕೆಸರಿನಲ್ಲಿ ಹೆಜ್ಜೆ ಗುರುತು ಕಂಡವು. ಸಂಜೆಯೊಳಗೆ ಯಾವುದೋ ಊರಿನ, ಯಾವುದೋ ವರ್ಷದ ಚಿರತೆಯ ಚಿತ್ರವೊಂದು "ನಮ್ಮ ಕೆರೆ ಏರಿ ಮೇಲೆ" ಎಂಬ ಒಕ್ಕಣೆಯೊಂದಿಗೆ ಎಲ್ಲರ ಫೋನಿಗೂ ಬಂದಿತು. ಈಗಂತೂ ಇಲ್ಲದ ಚಿರತೆಯನ್ನು ಇದ್ದಂತೆಯೇ ಬರೆದುಕೊಡುವ ಯಂತ್ರಗಳೂ ಬಂದಿವೆ. ಎರಡು ದಿನ ಮಕ್ಕಳು ಶಾಲೆಗೆ ಹೋಗಲಿಲ್ಲ, ಹೆಂಗಸರು ಹುಲ್ಲಿಗೆ ಹೋಗಲಿಲ್ಲ. ಮೂರನೆಯ ದಿನ ಕುರಿ ಕಾಯುವ ಅಜ್ಜ ಒಬ್ಬರು ನನ್ನೊಡನೆ ಏರಿಯ ಮೇಲೆ ಬಂದು, ಕುಕ್ಕರುಗಾಲಲ್ಲಿ ಕುಳಿತು ನೋಡಿ, "ಇದು ನಾಯಿದು ಕಣ್ ಮೇಷ್ಟ್ರೇ, ಉಗುರು ಊರೈತೆ ನೋಡಿ" ಎಂದರು. ಹೌದು. ಬೆಕ್ಕಿನ ಜಾತಿಯವು ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುತ್ತವೆ. ಆದ್ದರಿಂದ ಚಿರತೆಯ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಉಗುರಿನ ಗುರುತು ಇರುವುದಿಲ್ಲ. ಅಂಗಾಲಿನ ಗುರುತಿನ ಹಿಂಭಾಗ ಮೂರು ಉಬ್ಬಾಗಿ ಒಡೆದಿರುತ್ತದೆ. ನಾಯಿಯ ಹೆಜ್ಜೆಯಲ್ಲಿ ಬೆರಳುಗಳ ಮುಂದೆ ಉಗುರು ಚುಚ್ಚಿರುತ್ತದೆ. ಈ ಪಾಠಕ್ಕೆ ಪ್ರಯೋಗಾಲಯ ಬೇಡ, ಕೆಸರು ಸಾಕು. ಆದರೂ ಶಾಲೆಯ ಮೆಟ್ಟಿಲು ಹತ್ತದ ಅಜ್ಜನಿಗೆ ಬಂದ ಈ ವಿದ್ಯೆ, ಹತ್ತು ವರ್ಷ ಶಾಲೆಯಲ್ಲಿ ಕುಳಿತ ನಮ್ಮ ಹುಡುಗರಿಗೆ ಬರಲಿಲ್ಲ.

ಪತ್ರಿಕೆ ಮತ್ತು ವಾಹಿನಿಗಳ ಭಾಷೆಯನ್ನೂ ನೋಡಿ. "ಚಿರತೆ ಪ್ರತ್ಯಕ್ಷ" ಎಂದು ಬರೆಯುತ್ತಾರೆ. ಪ್ರತ್ಯಕ್ಷವಾಗುವುದು ದೇವರು. ಚಿರತೆ ನಮ್ಮ ಬೋಳುಗುಡ್ಡಗಳ ಬಂಡೆಗಳ ನಡುವೆ, ಕಬ್ಬಿನ ಗದ್ದೆಯಲ್ಲಿ, ಕುರುಚಲು ಕಾಡಿನಲ್ಲಿ ನಮ್ಮ ತಾತಂದಿರ ಕಾಲದಿಂದಲೂ ಇದೆ. ಆ ತಾತಂದಿರಲ್ಲಿ ಕೆಲವರು ಅದನ್ನೇ "ಕಿರುಬ" ಎನ್ನುತ್ತಿದ್ದರು. ಪುಸ್ತಕ ಓದಿದವರು ಆ ಮಾತನ್ನು ಕೇಳಿ ಕತ್ತೆಕಿರುಬ ಎಂದು ತಿಳಿದರು. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ತಂದ ಚೀತಾಗಳನ್ನು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟಾಗ "ಭಾರತಕ್ಕೆ ಚಿರತೆ ಬಂತು" ಎಂದು ಸಂತೋಷಪಟ್ಟವರನ್ನೂ ಕಂಡೆ. ಚಿರತೆ ಇಲ್ಲಿಂದ ಹೋಗಿದ್ದಾದರೂ ಯಾವಾಗ? ಹೋದದ್ದು ಚೀತಾ. ಅದಕ್ಕೆ ಕನ್ನಡದಲ್ಲಿ ಸಿವಂಗಿ ಎಂಬ ಹಳೆಯ ಹೆಸರೇ ಇತ್ತು. ಪ್ರಾಣಿಯೊಂದಿಗೆ ಹೆಸರನ್ನೂ ಕಳೆದುಕೊಂಡೆವು. ಚುಕ್ಕೆಯಿದ್ದದ್ದೆಲ್ಲ ಚಿರತೆ, ಹರಿದದ್ದೆಲ್ಲ ನಾಗರ ಎಂಬಷ್ಟಕ್ಕೆ ನಮ್ಮ ಶಬ್ದಭಂಡಾರ ಕುಗ್ಗಿದೆ. ಕಬ್ಬು ಕಡಿಯುವಾಗ ಸಿಕ್ಕುವ ಕಾಡುಬೆಕ್ಕಿನ ಮರಿಗಳೂ "ಚಿರತೆ ಮರಿ"ಗಳೇ. ತಾಯಿ ಬೇಟೆಗೆ ಹೋಗಿರುತ್ತದೆ. ಇದ್ದಲ್ಲೇ ಬಿಟ್ಟರೆ ಬಂದು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ನಾವು ಬುಟ್ಟಿಯಲ್ಲಿಟ್ಟು, ಹಾಲು ಕುಡಿಸಿ, ಫೋಟೋ ತೆಗೆದು, ಅನಾಥ ಮಾಡುತ್ತೇವೆ.

ಇನ್ನು ಎಲ್ಲ ಚಿರತೆಯನ್ನೂ ಬೋನಿಟ್ಟು ಹಿಡಿದು ದೂರ ಬಿಟ್ಟುಬಿಡಿ ಎಂಬ ಒತ್ತಾಯ. ಮಹಾರಾಷ್ಟ್ರದ ಜುನ್ನರ್ ಪ್ರದೇಶದಲ್ಲಿ 2001ರಿಂದ 2003ರವರೆಗೆ ಜನರ ಮೇಲೆ ಚಿರತೆ ದಾಳಿಗಳು ಏಕಾಏಕಿ ಹೆಚ್ಚಿದವು. ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಅಧ್ಯಯನ ಮಾಡಿ, ಚಿರತೆಗಳನ್ನು ಹಿಡಿದು ಬೇರೆಡೆ ಬಿಡುವ ಕ್ರಮಕ್ಕೂ ಈ ಏರಿಕೆಗೂ ನಂಟಿರುವುದನ್ನು ತೋರಿಸಿಕೊಟ್ಟರು. ಪರಿಚಯವಿಲ್ಲದ ಜಾಗಕ್ಕೆ ಎಸೆದ ಪ್ರಾಣಿ ಸುಮ್ಮನಿರುವುದಿಲ್ಲ. ಅಂದರೆ ನಾಯಿಯ ಹೆಜ್ಜೆ ಕಂಡು ಬೋನು ಇಡಿಸಿದರೆ, ಆ ಬೋನಿಗೆ ಬೀಳುವುದು ಯಾರ ತಂಟೆಗೂ ಹೋಗದೆ ಗುಡ್ಡದಲ್ಲಿದ್ದ ಯಾವುದೋ ಚಿರತೆ; ಅದನ್ನು ಬಿಟ್ಟ ಊರಿಗೆ ನಾವು ಕಳುಹಿಸಿಕೊಡುವುದು ಹೊಸ ಗಂಡಾಂತರ.

ಇಷ್ಟು ಹೇಳಿದ ಮೇಲೆ ನಿಮ್ಮ ಮುಂದೆ ನಾನು ಕೈಕಟ್ಟಿ ನಿಲ್ಲಬೇಕಾದ ಒಂದು ಸಂಗತಿಯಿದೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

1989ರ ಮಳೆಗಾಲ. ಒಂಬತ್ತನೆಯ ತರಗತಿಯ ಕೊಠಡಿಯ ಮೂಲೆಯಲ್ಲಿ ಕಂದು ಮೈಯ, ಬಿಳಿ ಪಟ್ಟೆಯ ಸಣ್ಣ ಹಾವೊಂದು ಕಾಣಿಸಿಕೊಂಡಿತು. ಮಕ್ಕಳು ಬೆಂಚಿನ ಮೇಲೆ ಹತ್ತಿದರು. ನಾನು ಒಮ್ಮೆ ನೋಡಿ, "ಕಟ್ಟುಹಾವು, ಭಯಂಕರ ವಿಷ, ಹೊಡೆಯಿರಿ" ಎಂದೆ. ಜವಾನರು ಹೊಡೆದರು. ಅದನ್ನು ಫಾರ್ಮಾಲಿನ್ ಸೀಸೆಯಲ್ಲಿ ಹಾಕಿ, "ಕಟ್ಟುಹಾವು (ಕಡಂಬಳ)" ಎಂದು ನನ್ನ ಕೈಯಿಂದಲೇ ಚೀಟಿ ಬರೆದು ಅಂಟಿಸಿದೆ. ಮರುವಾರ ಆ ಸೀಸೆಯನ್ನು ಮೇಜಿನ ಮೇಲಿಟ್ಟು ಪಾಠ ಮಾಡುವಾಗ ಒಬ್ಬಳು ಹುಡುಗಿ ಎದ್ದು ನಿಂತಳು. "ಸಾರ್, ಕಟ್ಟುಹಾವಿನ ಪಟ್ಟೆ ಬಾಲದ ಕಡೆ ಚೆನ್ನಾಗಿ ಕಾಣ್ತದೆ, ತಲೆ ಕಡೆ ಮಾಸಿರ್ತದೆ ಅಂತ ನಮ್ಮಪ್ಪ ಹೇಳ್ತಾರೆ. ಇದರದು ಕುತ್ತಿಗೆಯಲ್ಲೇ ದಪ್ಪವಾಗಿದೆಯಲ್ಲ ಸಾರ್?" ಅವಳ ತಂದೆ ಕೂಲಿ ಮಾಡುವವರು. ತರಗತಿ ನನ್ನ ಮುಖವನ್ನೇ ನೋಡುತ್ತಿತ್ತು. "ಪಾಠ ಮಾಡುವವನು ನಾನೋ ನಿಮ್ಮಪ್ಪನೋ? ಕುಳಿತುಕೋ" ಎಂದೆ. ಅವಳು ಕುಳಿತಳು. ಆ ವರ್ಷ ಪೂರ್ತಿ ಮತ್ತೆ ಪ್ರಶ್ನೆ ಕೇಳಲಿಲ್ಲ.

2003ರಲ್ಲಿ ಶಿಕ್ಷಕರ ತರಬೇತಿಯೊಂದರಲ್ಲಿ ಉರಗಗಳ ಬಗ್ಗೆ ಬಲ್ಲವರೊಬ್ಬರು ಎರಡು ಹಾವುಗಳ ಚಿತ್ರಗಳನ್ನು ಅಕ್ಕಪಕ್ಕ ತೋರಿಸಿದರು. ಒಂದು ಕಟ್ಟುಹಾವು, ಮತ್ತೊಂದು ತೋಳಹಾವು. ತೋಳಹಾವಿಗೆ ವಿಷವಿಲ್ಲ, ಗೋಡೆಯ ಬಿರುಕಿನಲ್ಲಿದ್ದು ಹಲ್ಲಿ ಹಿಡಿದು ತಿನ್ನುತ್ತದೆ. ಅದರ ಪಟ್ಟೆ ಕುತ್ತಿಗೆಯ ಬಳಿ ದಟ್ಟ, ಬಾಲದ ಕಡೆಗೆ ಮಾಸಲು. ಹುಡುಗಿಯ ತಂದೆ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಹದಿನಾಲ್ಕು ವರ್ಷ ಹದಿನಾಲ್ಕು ತಂಡದ ಮಕ್ಕಳಿಗೆ ನಾನು ತಪ್ಪು ಚೀಟಿಯ ಸೀಸೆ ತೋರಿಸಿ ತಪ್ಪು ಪಾಠ ಮಾಡಿದ್ದೆ. ಮರುದಿನ ಬೇಗ ಶಾಲೆಗೆ ಹೋಗಿ, ಯಾರೂ ಇಲ್ಲದಾಗ ಚೀಟಿ ಬದಲಾಯಿಸಿದೆ. ಹೇಡಿತನದ ಕೆಲಸ ಅದು. ಚೀಟಿ ಬದಲಾಯಿತು, ನಿಮ್ಮ ತಲೆಯಲ್ಲಿ ನಾನು ಅಂಟಿಸಿದ ಚೀಟಿ ಹಾಗೆಯೇ ಉಳಿಯಿತು.

ಇದು ಹಾಸ್ಯಕ್ಕೆ ಬಿಡುವ ತಪ್ಪಲ್ಲ. ನನ್ನ ಸೀಸೆಯನ್ನು ನೋಡಿ ಕಲಿತವನು ಕತ್ತಿನ ಬಳಿ ಪಟ್ಟೆ ಮಾಸಿದ ನಿಜವಾದ ಕಟ್ಟುಹಾವನ್ನು ಕಂಡಾಗ "ಇದು ಮೇಷ್ಟ್ರು ತೋರಿಸಿದ ಹಾವಲ್ಲ" ಎಂದು ಕೈಹಾಕಿದ್ದರೆ? ಕಟ್ಟುಹಾವಿನ ಕಡಿತದಲ್ಲಿ ಹೆಚ್ಚು ನೋವಿಲ್ಲ, ಊತವಿಲ್ಲ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚಿದರೆ ಎಷ್ಟೋ ವೇಳೆ ತಿಳಿಯುವುದೇ ಇಲ್ಲ. ರೆಪ್ಪೆ ಜೋಲತೊಡಗಿದಾಗ ತಡವಾಗಿರುತ್ತದೆ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿತು. ವಿಷಯ ಇಷ್ಟು ಗಂಭೀರ.

ಹಾಗಾದರೆ ಎಲ್ಲರೂ ಹಾವಿನ ಹುರುಪೆ ಎಣಿಸುತ್ತ ಕೂರಬೇಕೇ? ಬೇಡ. ನನ್ನ ತಮ್ಮನ ಮಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ಕತ್ತಲಲ್ಲಿ ಹೆಸರು ತಿಳಿಯದಿದ್ದರೆ ಹೇಳಬೇಕಾದ ಮಾತು ಒಂದೇ: "ಗೊತ್ತಿಲ್ಲ". ಗೊತ್ತಿಲ್ಲದ್ದರ ಹತ್ತಿರ ಯಾರೂ ಹೋಗುವುದಿಲ್ಲ, ಹೋಗಬಾರದು. ದೊಣ್ಣೆ ಹಿಡಿದು ಹತ್ತಿರ ಹೋಗುವವನು "ಗೊತ್ತಿದೆ" ಎಂದುಕೊಂಡವನೇ. ನಿಜವಾದ ಚಿರತೆ ಮರಿಯಾಗಿದ್ದರೆ ಪಕ್ಕದ ಪೊದೆಯಲ್ಲಿ ತಾಯಿಯಿರುತ್ತಿತ್ತು. ಆ ಚಿತ್ರದಲ್ಲಿ ನಗುತ್ತಿದ್ದ ಇಬ್ಬರು ಹುಡುಗರ ಗತಿ ಏನಾಗುತ್ತಿತ್ತೆಂದು ಯೋಚಿಸಿ. ಜೀವ ಮೊದಲು ಎಂಬ ಮಾತೇ ನಿಜವಾದರೆ, ಅವರು ಹತ್ತು ಮಾರು ಹಿಂದೆ ಸರಿದು, ಮಕ್ಕಳನ್ನು ಒಳಗೆ ಕರೆದುಕೊಂಡು, ಅರಣ್ಯ ಇಲಾಖೆಗೆ ಫೋನು ಮಾಡಬೇಕಿತ್ತು. ಚಿರತೆಯೇ ಆಗಿದ್ದರೂ ಅದನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಪುನುಗು ಬೆಕ್ಕಿಗೂ ಅದೇ ಕಾಯ್ದೆಯ ರಕ್ಷಣೆಯಿದೆ ಎಂಬುದನ್ನೂ ಸಂಬಂಧಿಕರು ನೆನಪಿಡಲಿ.

ಹಾವಿನ ವಿಷಯದಲ್ಲೂ ಇದೇ ನಿಯಮ. ವೈದ್ಯರಿಗೆ ತೋರಿಸಬೇಕೆಂದು ಹಾವನ್ನು ಹೊಡೆದು ಚೀಲದಲ್ಲಿ ತರುವ ಪದ್ಧತಿಯನ್ನು ದಯವಿಟ್ಟು ಬಿಡಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ನಮ್ಮ ಆಸ್ಪತ್ರೆಗಳಲ್ಲಿ ಕೊಡುವುದು ಒಂದೇ ಔಷಧ. ವೈದ್ಯರು ರೋಗಿಯ ಲಕ್ಷಣ ನೋಡಿ ಚಿಕಿತ್ಸೆ ಮಾಡುತ್ತಾರೆ. ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಕಚ್ಚಿದ ಅಂಗವನ್ನು ಅಲುಗಾಡಿಸದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಹಾವು ಹುಡುಕುತ್ತ ಕಳೆದ ಅರ್ಧ ಗಂಟೆ ಮರಳಿ ಸಿಕ್ಕುವುದಿಲ್ಲ.

ಆದರೆ "ಗೊತ್ತಿಲ್ಲ" ಎಂಬುದು ಕೊನೆಯ ಮಾತಾಗಬಾರದು. ಹಗಲು ಹೊತ್ತಿನಲ್ಲಿ, ನಿರ್ಭಯವಾಗಿರುವಾಗ, ಮನೆಯ ಸುತ್ತ ಯಾರು ಯಾರು ಬಾಳುತ್ತಿದ್ದಾರೆಂದು ತಿಳಿದುಕೊಳ್ಳಿ. ಅಟ್ಟದ ಮೇಲೆ ರಾತ್ರಿ ದಡಬಡ ಮಾಡುವುದು ದೆವ್ವವಲ್ಲ, ಬಹುಶಃ ಉಂಗುರವಿಲ್ಲದ ಉದ್ದ ಬಾಲದ ಮರಬೆಕ್ಕು. ಅದು ಹಣ್ಣು ತಿಂದು ಬೀಜ ಬಿತ್ತುವ ರೈತ. ಗದ್ದೆಯಲ್ಲಿ ಸರಸರ ಓಡುವ ಉದ್ದನೆಯದು ಹೆಚ್ಚಿನ ವೇಳೆ ಕೇರೆ. ಮಣ್ಣುಮುಕ್ಕನಿಗೆ ಎರಡು ತಲೆಯಿಲ್ಲ. ಮೊಂಡು ಬಾಲವಿದೆ, ಅಷ್ಟೇ. ಆ ಒಂದು ಸುಳ್ಳಿನಿಂದ ಎಷ್ಟೋ ಹಾವುಗಳು ಕಳ್ಳಸಾಗಣೆಯ ಚೀಲ ಸೇರಿವೆ. ಆದರೆ ದಪ್ಪ ಮೈಯ, ಸರಪಳಿಯಂಥ ಕಲೆಯ ಹಾವನ್ನು "ಹೆಬ್ಬಾವಿನ ಮರಿ" ಎಂದು ಮುಟ್ಟಬೇಡಿ, ಅದು ಕೊಳಕುಮಂಡಲವಿದ್ದೀತು. ಹೆಸರು ತಿಳಿಯುವುದು ಕರುಣೆಗಾಗಿ ಮಾತ್ರವಲ್ಲ, ಎಚ್ಚರಿಕೆಗಾಗಿ ಕೂಡ. ನಿಮ್ಮ ಮಕ್ಕಳಿಗೆ ಆಫ್ರಿಕಾದ ಜಿರಾಫೆ ಗೊತ್ತು, ಹಿತ್ತಿಲಿನ ಪುನುಗು ಬೆಕ್ಕು ಗೊತ್ತಿಲ್ಲ. ಇದರಲ್ಲಿ ಮಕ್ಕಳ ತಪ್ಪಿಲ್ಲ. ನಾವು ಮೇಷ್ಟ್ರುಗಳು ವರ್ಗೀಕರಣದ ಲ್ಯಾಟಿನ್ ಹೆಸರುಗಳನ್ನು ಬಾಯಿಪಾಠ ಮಾಡಿಸಿದೆವು, ಕಿಟಕಿಯಿಂದ ಹೊರಗೆ ನೋಡಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದೆವು. "ಗೊತ್ತಿಲ್ಲ ಸಾರ್" ಎಂದವನಿಗೆ ಬೆತ್ತ ತೋರಿಸಿದೆವು. ಧೈರ್ಯವಾಗಿ ತಪ್ಪು ಹೇಳಿದವನು ಬಚಾವಾದ. ಆ ಪಾಠದ ಫಲವೇ ಮೊನ್ನೆ ತೋಟದ ಬದುವಿನ ಮೇಲೆ ಸತ್ತು ಬಿದ್ದಿತ್ತು.

ಬಂಧುಗಳಲ್ಲಿ ಕೆಲವರು ಈ ಲೇಖನದಿಂದ ಮುನಿಸಿಕೊಳ್ಳಬಹುದು. ಮುನಿಸಿಕೊಳ್ಳಲಿ, ಮಕ್ಕಳನ್ನು ಮಾತ್ರ ಅಂಥ ಚಿತ್ರಗಳಿಗೆ ನಿಲ್ಲಿಸದಿರಲಿ.

1989ರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದ ಆ ವಿದ್ಯಾರ್ಥಿನಿ ಈಗ ಎಲ್ಲಿದ್ದಾಳೋ ನನಗೆ ತಿಳಿಯದು. ತಾಯಿ, ನೀನು ಇದನ್ನು ಓದುತ್ತಿದ್ದರೆ, ನೀನು ಹೇಳಿದ್ದು ಸರಿಯಾಗಿತ್ತು. ನಿನ್ನ ತಂದೆಯವರು ಹೇಳಿದ್ದೂ ಸರಿಯಾಗಿತ್ತು. ಅವರಿಗೆ ನನ್ನ ನಮಸ್ಕಾರ ತಿಳಿಸು. ಅಂದು ಕುಳಿತುಕೊಳ್ಳಬೇಕಾಗಿದ್ದವನು ನಾನು.