ಎಗರಿದರಷ್ಟೇ ಗೆಲುವೆ?

ಕಬಡ್ಡಿಯಲ್ಲಿ ಹಿಂದುಳಿದ ತಂಡ ಕೊನೆಯ ಮೂರು ನಿಮಿಷ ಬಂದ ರೈಡರ್ ಮೇಲೆಲ್ಲ ಎಗರಬೇಕು, ಕಾದರೆ ಸಮಯ ಎದುರಾಳಿಯ ಪಾಲು ಎಂಬ ಲೇಖಕರೊಬ್ಬರ ವಾದ ಅಚ್ಚಾಗಿದೆ. ಮಂಜಗುಣಿ, ಅಂಕೋಲಾ ಕಡೆಯ ಹೊನಲು ಬೆಳಕಿನ ಪಂದ್ಯ ನೋಡುವವರಿಗೆ ಇದು ಹಿಡಿಸೀತು. ಲೆಕ್ಕಕ್ಕೆ ಮಾತ್ರ ಹಿಡಿಸದು.

ನಾಲ್ಕು ಅಂಕ ಹಿಂದಿದ್ದೀರಿ, ಅಂಕಣದಲ್ಲಿ ಐವರಿದ್ದೀರಿ ಎನ್ನಿ. ಹಿಡಿದರೆ ಸಿಗುವುದು ಒಂದೇ ಅಂಕ. ಮೂವರು ಮುಗಿಬಿದ್ದು ತಪ್ಪಿದರೆ ಮೂರು ಅಂಕವೂ ಹೋಯಿತು, ಮೂವರು ಆಟಗಾರರೂ ಹೋದರು. ಮುಂದಿರುವ ತಂಡದ ರೈಡರ್‌ಗೆ ಬೇಕಿರುವುದೂ ಅದೇ. ಅವನು ಬಾಕ್ ಲೈನ್ ದಾಟಿ ಕಾಲ ಕಳೆಯಲು ಬಂದವನು. ಅವನಿಗೆ ಅಂಕ ಕೊಡುವುದು ನಿಮ್ಮ ಆತುರ.

ಪ್ರೊ ಕಬಡ್ಡಿ ನಿಯಮದಲ್ಲಿ ಸತತ ಎರಡು ಖಾಲಿ ರೈಡ್ ಆದರೆ ಮೂರನೆಯದು ‘ಡು ಆರ್ ಡೈ’. ಅಂಕ ತರದೆ ಮರಳಿದರೆ ರೈಡರ್ ಔಟ್. ಅಲ್ಲಿಯವರೆಗೆ ಮೂಲೆ ಕಾಯುವುದು ಹೇಡಿತನವಲ್ಲ. ಅಂಕಣದಲ್ಲಿ ಮೂವರೋ ಇಬ್ಬರೋ ಉಳಿದಾಗ ಎಗರಿ, ಒಪ್ಪುತ್ತೇನೆ: ಆಗ ಹಿಡಿದರೆ ಅದು ಸೂಪರ್ ಟ್ಯಾಕಲ್, ಎರಡು ಅಂಕ.

ಸಮಯದ ಮಾತೂ ಅರ್ಧಸತ್ಯ. ರೈಡಿಗೆ 30 ಸೆಕೆಂಡು, ಅಷ್ಟನ್ನೂ ಬಳಸಲೇಬೇಕೆಂದಿಲ್ಲ. ನಿಮ್ಮ ರೈಡರ್ ಹತ್ತರಲ್ಲೇ ಮುಟ್ಟಿ ಮರಳಲಿ. ಉಳಿತಾಯ ಅಲ್ಲಿದೆ. ಆ ಲೇಖಕರು ರಕ್ಷಣೆಯನ್ನು ಬೈದರು, ನಿಧಾನದ ರೈಡರ್‌ಗಳನ್ನು ಬಿಟ್ಟೇಬಿಟ್ಟರು.