ಹಳೆಯ ವಾಷಿಂಗ್ ಮೆಷಿನ್ ಎಷ್ಟು ಬಟ್ಟೆ ತಡೆದೀತು?



ಮನೆಭೇಟಿಗೆ ಹೋದಲ್ಲೆಲ್ಲ ನಾವು ಕಾಣುವ ಒಂದು ವಸ್ತುವೆಂದರೆ ಬಚ್ಚಲುಕೋಣೆಯ ಪಕ್ಕದ ಹಳೆಯ ವಾಷಿಂಗ್ ಮೆಷಿನ್. ಗಲ್ಫಿನಲ್ಲಿರುವ ಮಗ ತೆಗೆಸಿಕೊಟ್ಟದ್ದು, ಇಲ್ಲವೇ ಹೊಸದು ಕೊಂಡ ನೆಂಟರು ದಾಟಿಸಿದ್ದು. ಅದರೊಂದಿಗೆ ಬಂದ ಪುಸ್ತಕ ಎಂದೋ ಕಳೆದಿರುತ್ತದೆ, ಮುಂಭಾಗದ ಸ್ಟಿಕ್ಕರ್ ಮಾಸಿರುತ್ತದೆ. ಎಷ್ಟು ಕಿಲೋದ್ದೆಂದು ಕೇಳಿದರೆ, "ತುಂಬುವಷ್ಟು ಹಾಕುತ್ತೇವೆ ಫಾದರ್" ಎಂಬ ಉತ್ತರ. ಮಳೆಗಾಲದಲ್ಲಂತೂ ಬಿಸಿಲು ಕಂಡ ದಿನ ನಾಲ್ಕು ದಿನಗಳ ಬಟ್ಟೆ ಒಮ್ಮೆಲೇ ಒಳಗೆ! ಮೋಟಾರು ಸುಟ್ಟರೆ ವಯಸ್ಸಾದ ತಾಯಿ ಪುನಃ ಒಗೆಯುವ ಕಲ್ಲಿನ ಮುಂದೆ ಬಗ್ಗಬೇಕು. ಆದುದರಿಂದ ಈ ತಿಂಗಳು ಆ ಲೆಕ್ಕವನ್ನೇ ನೋಡೋಣ.

ಮೊದಲು ಒಂದು ಮಾತು. 5 ಕಿಲೋ ಮೆಷಿನ್ ಎಂದರೆ 5 ಕಿಲೋ ಒಣ ಬಟ್ಟೆ. ನೆನೆದ ಬಟ್ಟೆಯ ತೂಕವಲ್ಲ, ನೀರಿನ ತೂಕವೂ ಅಲ್ಲ.

ಮೆಷಿನ್ನಿನ ಹಿಂಬದಿಯಲ್ಲಿ ಅಥವಾ ಬಾಗಿಲಿನ ಅಂಚಿನಲ್ಲಿ ಒಂದು ಸಣ್ಣ ಫಲಕವಿರುತ್ತದೆ. ಅಲ್ಲಿ ಕಿಲೋ ಬರೆದಿಲ್ಲವಾದರೂ ಮಾಡೆಲ್ ಸಂಖ್ಯೆ ಇದ್ದರೆ ರಿಪೇರಿಯವರಿಂದ ತಿಳಿದುಕೊಳ್ಳಬಹುದು. ಅದೂ ಅಳಿಸಿಹೋಗಿದ್ದರೆ ಅಳತೆಯ ಟೇಪು ಹಿಡಿಯಿರಿ.

ಮುಂಬಾಗಿಲಿನ ಮೆಷಿನ್ ಆದರೆ ಪ್ಲಗ್ ತೆಗೆದು ಒಳಗಿನ ಉಕ್ಕಿನ ಡ್ರಮ್ಮಿನ ಅಗಲ ಮತ್ತು ಆಳವನ್ನು ಅಳೆಯಿರಿ. ಅಗಲ 46 ಸೆಂಟಿಮೀಟರ್, ಆಳ 30 ಎಂದಿಟ್ಟುಕೊಳ್ಳೋಣ. ಅಗಲದ ಅರ್ಧ 23. 23ನ್ನು 23ರಿಂದ, ಬಳಿಕ 3.14ರಿಂದ, ಬಳಿಕ ಆಳದಿಂದ ಗುಣಿಸಿದರೆ ಸುಮಾರು 49,800 ಬರುತ್ತದೆ. 1000ದಿಂದ ಭಾಗಿಸಿದರೆ ಹತ್ತಿರಹತ್ತಿರ 50 ಲೀಟರ್. ಹಳೆಯ ಮೆಷಿನ್‌ಗಳಲ್ಲಿ ಒಂದು ಕಿಲೋ ಹತ್ತಿ ಬಟ್ಟೆಗೆ ಸುಮಾರು 10 ಲೀಟರ್ ಜಾಗ ಬೇಕೆಂದು ಹಿಡಿಯಬಹುದು. ಅಲ್ಲಿಗೆ ಇದು 5 ಕಿಲೋ ಮೆಷಿನ್.

ಮೇಲಿನಿಂದ ಬಟ್ಟೆ ಹಾಕುವ ಮತ್ತು ಎರಡು ತೊಟ್ಟಿಯ ಮೆಷಿನ್‌ಗಳಿಗೆ ಈ ಲೆಕ್ಕ ಒಪ್ಪುವುದಿಲ್ಲ. ಅಲ್ಲಿ ಬಟ್ಟೆ ನೀರಿನಲ್ಲಿ ತೇಲಿ ತಿರುಗಬೇಕು. ಗುರುತಿನವರೆಗೆ ನೀರು ತುಂಬಿ, ಸ್ವಲ್ಪ ಸ್ವಲ್ಪವೇ ಬಟ್ಟೆ ಹಾಕುತ್ತಾ ನೋಡಿರಿ. ಮೇಲಿದ್ದ ಬಟ್ಟೆ ಕೆಳಗಿಳಿದು ಮತ್ತೆ ಮೇಲೆ ಬರುತ್ತಿರುವ ತನಕ ಸರಿ. ಮೇಲಿನದು ಮೇಲೆಯೇ ನಿಂತಿತೆಂದರೆ ಹೆಚ್ಚಾಯಿತು. ಮೆಷಿನ್ ನಿಲ್ಲಿಸಿ ಒಂದೆರಡು ತೆಗೆಯಿರಿ. ಉಳಿದದ್ದನ್ನು ಒಗೆದು ಒಣಗಿಸಿ ತೂಗಿದರೆ ಅದೇ ನಿಮ್ಮ ಮೆಷಿನ್ನಿನ ಅಳತೆ. ಹಿಂಡುವ ತೊಟ್ಟಿ ಚಿಕ್ಕದು. ಅದಕ್ಕೆ ಎರಡು ಸಲವಾಗಿ ಹಾಕಬೇಕು.

ತೂಗುವುದು ಕಷ್ಟವಲ್ಲ. ಬಟ್ಟೆಯ ಬುಟ್ಟಿ ಹಿಡಿದು ತೂಕದ ಮೆಷಿನ್ ಮೇಲೆ ನಿಲ್ಲಿರಿ, ಆಮೇಲೆ ಖಾಲಿ ಬುಟ್ಟಿಯೊಂದಿಗೆ ನಿಂತು ಕಳೆಯಿರಿ. ಅಂದಾಜಿಗೆ ಅಂಗಿ 200ರಿಂದ 250 ಗ್ರಾಂ, ಲುಂಗಿ 250, ಹತ್ತಿ ಸೀರೆ 500, ಸ್ನಾನದ ಟವೆಲ್ 450, ಜೀನ್ಸ್ 650, ದೊಡ್ಡ ಬೆಡ್‌ಶೀಟ್ 750 ಗ್ರಾಂ. ಎರಡು ಬೆಡ್‌ಶೀಟ್, ಎರಡು ಜೀನ್ಸ್, ಎರಡು ಟವೆಲ್, ನಾಲ್ಕು ಅಂಗಿ ಸೇರಿದರೆ ನಾಲ್ಕೂವರೆ ಕಿಲೋ ದಾಟಿತು! ನೈಲಾನ್, ಪಾಲಿಯೆಸ್ಟರ್ ಬಟ್ಟೆಯಾದರೆ ಅರ್ಧ ಮಾತ್ರ ಹಾಕಿರಿ, ಉಣ್ಣೆಯಾದರೆ ಅದಕ್ಕಿಂತಲೂ ಕಡಿಮೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯಿದೆ. ಬೆಲ್ಟು, ಬೇರಿಂಗು, ಸ್ಪ್ರಿಂಗುಗಳು ಸವೆದಿರುವ ಮೆಷಿನ್‌ಗೆ ಪೂರ್ತಿ ಚಾಚುವುದೂ ಬೇಡ. 5 ಕಿಲೋದ್ದಕ್ಕೆ ನಾಲ್ಕು ಸಾಕು. ಸುಟ್ಟ ರಬ್ಬರಿನ ವಾಸನೆ, ಹಿಂಡುವಾಗ ದಡಬಡ ಸದ್ದು, ಒಣಗಿದ ಬಟ್ಟೆಯಲ್ಲಿ ಸೋಪಿನ ಬಿಳಿ ಕಲೆ, ಇವೆಲ್ಲ ಭಾರ ಹೆಚ್ಚಾದುದರ ಸೂಚನೆಗಳು. ಆದರೆ ಒಂದೇ ಭಾರದ ಹೊದಿಕೆಯನ್ನು ಹಾಕಿದರೂ ಡ್ರಮ್ ಒಂದು ಬದಿಗೆ ವಾಲಿ ಅಲುಗುತ್ತದೆ; ಜೊತೆಗೆ ಒಂದೆರಡು ಟವೆಲ್ ಸೇರಿಸಿರಿ.

ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಇರುವವರಾದರೆ, ಮಕ್ಕಳು ರಜೆಗೆ ಬಂದಾಗ ಈ ಲೆಕ್ಕ ಮಾಡಿಕೊಡಲಿ. ನಾಲ್ಕು ಕಿಲೋ ಬಟ್ಟೆ ಯಾವ ಬುಟ್ಟಿಯಲ್ಲಿ ಎಲ್ಲಿಯವರೆಗೆ ಬರುತ್ತದೆಂದು ನೋಡಿ, ಅಲ್ಲಿಗೊಂದು ಬಣ್ಣದ ದಾರ ಕಟ್ಟಿರಿ. ಕನ್ನಡಕ ಹುಡುಕದೆಯೇ ಅಮ್ಮನಿಗೆ ಅಳತೆ ತಿಳಿದೀತು.